ಐಸ್ ಟ್ರೇ ತೊಳೆದ ಭಾನುವಾರ

ಮನೆಯಲ್ಲಿ ಎಲ್ಲಕ್ಕಿಂತ ಶುದ್ಧವಾದ ವಸ್ತು ಐಸು ಎಂದು ನಾನು ಬಹಳ ಕಾಲ ನಂಬಿದ್ದೆ. ಅಷ್ಟು ಚಳಿಯಲ್ಲಿ ಯಾವ ಕೊಳೆ ತಾನೇ ಬದುಕೀತು ಎಂಬುದು ನನ್ನ ತರ್ಕ. ನನ್ನ ಹೆಂಡತಿ ಸರೋಜ ಒಪ್ಪುತ್ತಿರಲಿಲ್ಲ. “ಐಸು ಅಂದ್ರೆ ಪಕ್ಕದ ಮನೆಯವರಿದ್ದ ಹಾಗೆ ಕಣ್ರೀ. ನೀವು ಒಳಗೆ ಏನಿಟ್ರೂ ಅದಕ್ಕೆ ಗೊತ್ತಾಗುತ್ತೆ, ಆಮೇಲೆ ಊರಿಗೆಲ್ಲ ಹೇಳುತ್ತೆ” ಅನ್ನುತ್ತಿದ್ದಳು. ಆದ್ದರಿಂದ ನಮ್ಮ ಫ್ರಿಜ್ಜಿಗೆ ಪ್ರವೇಶವಿಲ್ಲದವು ಮೂರು: ಹೆಚ್ಚಿದ ಈರುಳ್ಳಿ, ಹಲಸಿನ ತೊಳೆ ಮತ್ತು ನನ್ನ ಕೈ.

ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಆಗ ಫ್ರಿಜ್ಜಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಹಾಗಾಗಿ ಅದು ನಮ್ಮದು ಎಂಬುದು ಹೆಸರಿಗಷ್ಟೆ. ಬೇಸಿಗೆಯಲ್ಲಿ ರಂಜಾನ್ ಬರುತ್ತಿದ್ದ ವರ್ಷಗಳವು. ಉಪವಾಸ ಬಿಡುವ ಹೊತ್ತಿಗೆ ಸರಿಯಾಗಿ ಸರೋಜ ಐಸಿನ ಡಬ್ಬಿ ಹಿಡಿದು ಎದುರು ಮನೆಯ ಖೈರುನ್ನೀಸಾಗೆ ಕೊಡಲು ಓಡುತ್ತಿದ್ದಳು. ಡಬ್ಬಿ ಎಂದೂ ಖಾಲಿ ಮರಳುತ್ತಿರಲಿಲ್ಲ. ಅದರಲ್ಲಿ ಖರ್ಜೂರವೋ ಹಣ್ಣಿನ ಹೋಳೋ ಇರುತ್ತಿತ್ತು. ಓಡಿದವಳು ಅವಳು, ತಿಂದವನು ನಾನು.

ಅಂಥದೊಂದು ವರ್ಷ ಶಿವರಾತ್ರಿ ಕಳೆದ ಮೇಲೆ ಸರೋಜ ತೀರಿಕೊಂಡಳು. ಆಸ್ಪತ್ರೆಗೆ ಹೊರಟ ಬೆಳಿಗ್ಗೆಯೂ ಕಾಯಿಸಿ ಆರಿಸಿದ ನೀರನ್ನು ಐಸ್ ಟ್ರೇಗೆ ತುಂಬಿಸಿ, “ವಾಪಸ್ ಬಂದ್ಮೇಲೆ ಬೇಕಾಗುತ್ತೆ” ಎಂದಿದ್ದಳು. ಆ ಐಸನ್ನು ನಾನು ಮುಟ್ಟಲಿಲ್ಲ. ಸೀರೆ, ಬಳೆ ಜೋಪಾನ ಮಾಡುವವರಿದ್ದಾರೆ. ನಾನು ಐಸು ಜೋಪಾನ ಮಾಡಿದೆ. ಕರೆಂಟು ಹೋದಾಗಲೆಲ್ಲ ಯಾರೂ ಬಾಗಿಲು ತೆಗೆಯದಂತೆ ಫ್ರಿಜ್ಜಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ತೆಗೆಯಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ ಎನ್ನುವುದು ಬೇರೆ ಮಾತು. ಇತ್ತ ಮಂಜು ಬೆಳೆದು ಬೆಳೆದು ಟ್ರೇಯನ್ನೇ ನುಂಗಿತು. ಫ್ರೀಜರಿನ ಪುಟ್ಟ ಬಾಗಿಲು ಮುಚ್ಚದಾಯಿತು.

ರಂಜಾನ್ ಬಂತು. ಖೈರುನ್ನೀಸಾ ಸಂಕೋಚದಿಂದ ಐಸು ಕೇಳಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮಾತ್ರ ಗೇಟಿನ ಹತ್ತಿರ ನಿಂತರು.

“ಅಣ್ಣಾ, ಇವತ್ತು ಸಂಜೆ ಮಗಳನ್ನ ಕೇಳ್ಕೊಂಡು ಬೀಗರು ಬರ್ತಾವ್ರೆ. ಅಂಗಡಿ ಐಸ್‌ನಲ್ಲಿ ಮರದ ಹೊಟ್ಟು ಇರ್ತದೆ, ಹೊಸ ಜನದ ಮುಂದೆ ಹೆಂಗೆ ಇಡೋದು? ನಿಮ್ಮಲ್ಲಿ...”

“ಧಾರಾಳವಾಗಿ ಕೊಡ್ತೀನಮ್ಮ” ಎಂದುಬಿಟ್ಟೆ.

ಒಳಗೆ ಬಂದು ಚಾಕು ಹಿಡಿದು ಫ್ರೀಜರಿನ ಮುಂದೆ ನಿಂತಾಗ, ಮಹಡಿಯ ಮೇಲಿನ ಬಾಡಿಗೆದಾರ, ಧಾರವಾಡದ ಪಾಟೀಲರು ಪೇಪರು ಕೇಳಲು ಬಂದರು.

“ಏನ್ರೀ ರಾಯರ, ಹಿಮಾಲಯ ಹತ್ತಾಕ ಹೊಂಟೀರೇನು? ಆ ಚಾಕು ಕೆಳಗಿಡ್ರಿ! ತೂತು ಬಿತ್ತಂದ್ರ ಗ್ಯಾಸೆಲ್ಲಾ ಹೋಗಿಬಿಡ್ತದ. ಬಂದ್ ಮಾಡಿ, ಒಳಗ ಬಿಸಿನೀರಿನ ಪಾತೇಲಿ ಇಡ್ರಿ.”

ಹಾಗೇ ಮಾಡಿದೆ. ಹಾಲು, ಹುಳಿ ಹಿಟ್ಟು, ಮುಚ್ಚಳ ಸರಿಯಿಲ್ಲದ ಒಂದು ಡಬ್ಬಿ, ಎಲ್ಲ ಹೊರಬಂದವು. ಮಂಜು ಕರಗಿ ಟ್ರೇ ಬಿಟ್ಟುಕೊಂಡಾಗಲೇ ನನಗೆ ಹೊಳೆದದ್ದು: ಇದ್ದೊಂದು ಫ್ರಿಜ್ಜು ಆರಿಸಿದ ಮೇಲೆ ಸರೋಜಳ ಐಸನ್ನು ಎಲ್ಲಿಡುವುದು? ಆಸ್ಪತ್ರೆಗೆ ಗಂಜಿ ಒಯ್ಯುತ್ತಿದ್ದ ಫ್ಲಾಸ್ಕು ಕಣ್ಣಿಗೆ ಬಿತ್ತು. ಸವೆದು ಕುಗ್ಗಿದ್ದ ತುಂಡುಗಳನ್ನು ಅದರೊಳಗೆ ಹಾಕಿ ಮುಚ್ಚಳ ಬಿಗಿದೆ. ಆಮೇಲೆ ಅವಳ ಕ್ರಮದಂತೆಯೇ ಸೋಪು ಮುಟ್ಟಿಸದೆ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಟ್ರೇ ಉಜ್ಜಿದೆ, ಬಾಗಿಲಿನ ರಬ್ಬರಿನ ಸಂದು ಒರೆಸಿದೆ, ಕಾಂಪೌಂಡಿನ ಮೇಲೆ ಟ್ರೇ ಒಣಗಿಸಿದೆ. ನೀರನ್ನೂ ಕುದಿಸಿದೆ. ಶುದ್ಧಿಯ ಆವೇಶದಲ್ಲಿ ಆರಿಸುವುದನ್ನು ಮರೆತು ಕುದಿನೀರನ್ನೇ ತುಂಬಿಸಿ ಒಳಗಿಟ್ಟು ಫ್ರಿಜ್ಜು ಹಾಕಿದೆ.

ಸಂಜೆ ಖೈರುನ್ನೀಸಾ ಡಬ್ಬಿ ಹಿಡಿದು ಬಂದಾಗ ಟ್ರೇಯಲ್ಲಿ ಹಾಲಿನ ಕೆನೆಯಷ್ಟು ಕೂಡ ಗಟ್ಟಿಯಾಗಿರಲಿಲ್ಲ.

“ಆಗಿಲ್ವಾ ಅಣ್ಣಾ? ಬಿಡಿ, ಪರ್ವಾಗಿಲ್ಲ. ಅಕ್ಕ ಇದ್ದಿದ್ರೆ...” ಎಂದು ತಡೆದರು.

ಅಕ್ಕ ಇದ್ದಿದ್ದರೆ ಇಷ್ಟು ಹೊತ್ತಿಗೆ ಓಡಿರುತ್ತಿದ್ದಳು. ಫ್ಲಾಸ್ಕು ತೆಗೆದೆ. ಮುಚ್ಚಳ ಬಿಚ್ಚುವಾಗ ಕೈ ಸ್ವಲ್ಪ ಹಿಂದೆ ಮುಂದೆ ನೋಡಿತು. ಆಮೇಲೆ ಎಲ್ಲವನ್ನೂ ಡಬ್ಬಿಗೆ ಸುರಿದೆ. ಯಾರ ಐಸು ಎಂದು ಹೇಳಲಿಲ್ಲ.

ಖೈರುನ್ನೀಸಾರ ಯಜಮಾನರು ಬಂದು ನನ್ನನ್ನೂ ಕರೆದೊಯ್ದು ಬೀಗರ ಪಕ್ಕ ಕೂರಿಸಿದರು. ಕಾಮಕಸ್ತೂರಿ ಬೀಜ ತೇಲುತ್ತಿದ್ದ ಗುಲಾಬಿ ಶರಬತ್ತು ಬಂತು. ಹುಡುಗನ ತಂದೆ ಒಂದು ಗುಟುಕು ಕುಡಿದು ನಿಲ್ಲಿಸಿದರು. ಎಲ್ಲರೂ ಅವರ ಮುಖ ನೋಡಿದೆವು.

“ವಾಹ್! ಹಲಸಿನ ಶರಬತ್ತು ಇದೇ ಮೊದಲು ಕುಡೀತಾ ಇರೋದು” ಎಂದರು.

ಪರದೆಯ ಹಿಂದಿನಿಂದ ಖೈರುನ್ನೀಸಾ ಮೆಲ್ಲನೆ ಕೇಳಿದರು: “ಅಣ್ಣಾ, ಅಕ್ಕ ಹೋದ್ಮೇಲೆ ಫ್ರಿಜ್ಜಲ್ಲಿ ಏನಿಟ್ರಿ?”

ಕೇಳುವವರಿಲ್ಲವೆಂದು, ಮುಚ್ಚಳ ಸರಿಯಿಲ್ಲದ ಆ ಡಬ್ಬಿಯಲ್ಲಿ ಹಲಸಿನ ತೊಳೆ ಇಟ್ಟವನು ನಾನೇ. ಹೊರಗಿನವರು ಬಾರದಂತೆ ಬಾಗಿಲು ಕಾದೆ. ಕೆಡಿಸುವವನು ಕಾವಲಿಗೇ ಕೂತಿದ್ದ. ಐಸು ಊರಿಗೆಲ್ಲ ಹೇಳಿಬಿಟ್ಟಿತು. ಮೊದಲು ಪರದೆಯ ಹಿಂದೆ ನಗು ಕೇಳಿಸಿತು, ಆಮೇಲೆ ನನಗೂ ತಡೆಯಲಾಗಲಿಲ್ಲ. ಶಿವರಾತ್ರಿಯಿಂದೀಚೆಗೆ ಹಾಗೆ ನಕ್ಕಿರಲಿಲ್ಲ.

ಗ್ಲಾಸಿನ ತಳದಲ್ಲಿ ಒಂದು ಚೂರು ಉಳಿದಿತ್ತು. ಬಾಯಿಗೆ ಹಾಕಿಕೊಂಡು, ಅದು ಪೂರ್ತಿ ಕರಗುವವರೆಗೂ ಕಣ್ಣು ಮುಚ್ಚಿ ಕೂತೆ.

“ರಾಯರಿಗೆ ಹಲಸು ಅಂದ್ರೆ ಪ್ರಾಣ ಅಂತ ಕಾಣತ್ತೆ” ಎಂದರು ಹುಡುಗನ ತಂದೆ.

ಬಾಯಿ ತುಂಬಿತ್ತು. ಹೌದೆಂದು ತಲೆಯಾಡಿಸಿದೆ.