ಚಪ್ಪಟೆ ಅಪ್ಪ

ಮೌನದ ವಿಷಯದಲ್ಲಿ ನನಗೆ ಪಾಠ ಹೇಳಬಲ್ಲವರು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ! ಇಪ್ಪತ್ತೆರಡು ವರ್ಷಗಳಿಂದ ನಾನು ಕಾಲೇಜೊಂದರ ಗ್ರಂಥಪಾಲಕ. ಪುಸ್ತಕ ಕಳೆದುಹೋದರೆ ಮತ್ತೊಂದು ಪ್ರತಿ ತರಿಸಬಹುದು. ನಿಶ್ಶಬ್ದ ಕಳೆದುಹೋದರೆ ತರಿಸುವುದೆಲ್ಲಿಂದ? ನನ್ನ ಒಂದೇ ಒಂದು ‘ಶ್’ಗೆ ಅಂತಿಮ ವರ್ಷದ ಪುಂಡರೂ ಉಸಿರು ಬಿಗಿಹಿಡಿಯುತ್ತಾರೆ. ಅಂಥ ನಾನು, ಮಕ್ಕಳೂ ಪ್ರಾಣಿಗಳೂ ಇರುವ ನಮ್ಮ ಮನೆಗೆ ಸದ್ದಿಲ್ಲದೆ ಗುಡಿಸುವ ರೋಬಾಟ್ ವ್ಯಾಕ್ಯೂಮ್ ಒಂದನ್ನು ಆರಿಸಿ ತಂದೇ ತರುತ್ತೇನೆಂದು ಪ್ರತಿಜ್ಞೆ ಮಾಡಿದೆ. ದಿನಚರಿಯಲ್ಲಿ ಅದನ್ನು ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಕೆಂಪು ಬಣ್ಣವನ್ನು ಸಾಮಾನ್ಯವಾಗಿ ಅಪಾಯದ ಸೂಚನೆಗೆ ಬಳಸುತ್ತಾರೆಂಬುದು ಆಗ ಹೊಳೆಯಲಿಲ್ಲ.

ಪ್ರತಿಜ್ಞೆಗೆ ಕಾರಣ ಮಗಳ ಸೀನು. ಹನ್ನೆರಡರ ಹುಡುಗಿ ಬೆಳಿಗ್ಗೆ ಎದ್ದೊಡನೆ ಸರಾಸರಿ ಮೂವತ್ನಾಲ್ಕು ಸಲ ಸೀನುತ್ತಿದ್ದಳು. ಎಣಿಸಿದವನು ನಾನೇ. ವೈದ್ಯೆ ಅವಳ ಮೂಗಿಗೆ ಬೆಳಕು ಬಿಟ್ಟು ನೋಡಿ, “ಮನೇಲಿ ಪ್ರಾಣಿ ಸಾಕಿದ್ದೀರಾ?” ಎಂದರು.

ಸಾಕಿದ್ದೆವು. ಒಂದು ಬೆಕ್ಕು, ಒಂದು ನಾಯಿ. ಕೂದಲಿನ ಉತ್ಪಾದನೆಯಲ್ಲಿ ಬೆಕ್ಕಿನದು ಗೃಹ ಕೈಗಾರಿಕೆ. ನಾಯಿಯದು ಭಾರೀ ಉದ್ದಿಮೆ. ನಾಯಿಯ ಹೆಸರು ಸೇನಾಪತಿ. ಮರಿಯಾಗಿದ್ದಾಗ ಅದರ ಪಂಜದ ಗಾತ್ರ ನೋಡಿ ಆಸೆಪಟ್ಟು ಇಟ್ಟ ಹೆಸರದು. ಬಾಗಿಲ ಗಂಟೆ ಬಾರಿಸಿದರೂ ಶರಣಾಗುವ ಸೇನಾಪತಿ ಎಂದು ಆಮೇಲೆ ತಿಳಿಯಿತು.

“ನೆಲದ ಮೇಲೆ ಕೂದಲು ಉಳೀಬಾರದು. ಆರು ವಾರ ನೋಡೋಣ,” ಎಂದರು ವೈದ್ಯೆ. “ಸೀನು ಹತ್ತರೊಳಗೆ ಬಂದ್ರೆ ಸರಿ. ಬರಲಿಲ್ಲ ಅಂದ್ರೆ ನಾಯೀನ ಬೇರೆ ಕಡೆ ಕಳಿಸಲೇಬೇಕು.”

ಬೇರೆ ಕಡೆ ಎಂದರೆ ಅಂಗಳವಿರುವ ನನ್ನ ಭಾವಮೈದುನನ ಮನೆ. ಅವನು ಆಗಲೇ ಸರಪಳಿ ತಂದಿಟ್ಟುಕೊಂಡಿದ್ದ. ಮಗಳು ಅಳಲಿಲ್ಲ, ಜಗಳವಾಡಲಿಲ್ಲ. ಮರುದಿನದಿಂದ ದಿಂಬಿನಲ್ಲಿ ಮುಖ ಹುದುಗಿಸಿ ಸೀನತೊಡಗಿದಳು, ಯಾರಿಗೂ ಕೇಳಿಸದಂತೆ. ಅಷ್ಟು ನಿಶ್ಶಬ್ದದ ಸೀನನ್ನು ಗ್ರಂಥಪಾಲಕನಾಗಿ ನಾನು ಮೆಚ್ಚಬೇಕಿತ್ತು. ಆಗಲಿಲ್ಲ.

ಮನೆಯಲ್ಲಿದ್ದ ಹಳೆಯ ವ್ಯಾಕ್ಯೂಮ್ ವಿಮಾನದ ವಂಶಕ್ಕೆ ಸೇರಿದ್ದು. ಅದರ ಸ್ವಿಚ್ಚು ಒತ್ತಿದ ಕ್ಷಣವೇ ಸೇನಾಪತಿ ಬಟ್ಟೆ ಒಗೆಯುವ ಯಂತ್ರಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಎಳೆದು ತೆಗೆಯಲು ಮೂವರು ಬೇಕು. ಆದ್ದರಿಂದ ಸದ್ದಿಲ್ಲದ ಯಂತ್ರವೇ ಆಗಬೇಕೆಂದು ನಾನು ಘೋಷಿಸಿದಾಗ, ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ, ಬೆಳಿಗ್ಗೆ ಏಳಕ್ಕೇ ಮನೆ ಬಿಡುವ ನನ್ನ ಹೆಂಡತಿ ಕೇಳಿದಳು:

“ರೀ, ಒದ್ದೆ ಬಟ್ಟೆ ಸುತ್ತಿದ ಪೊರಕೆ ಎಷ್ಟು ಸದ್ದು ಮಾಡುತ್ತೆ?”

“ಹೆಚ್ಚೇನಿಲ್ಲ.”

“ಒಂಬತ್ತೂವರೆವರೆಗೆ ಮನೇಲಿ ಇರೋರು ಯಾರು?”

“ಆ ಹೊತ್ತಿನಲ್ಲಿ ನಾನು ದಿನಚರಿ ಬರೀತೀನಲ್ಲ!”

“ಹೌದೌದು. ನಿನ್ನೆ ಏನೂ ಮಾಡಲಿಲ್ಲ ಅಂತ ಬರಿಯೋದಕ್ಕೆ ಎರಡೂವರೆ ಗಂಟೆ ಬೇಕೇ ಬೇಕು.”

ಇಂಥ ಅವೈಜ್ಞಾನಿಕ ಸಲಹೆಗೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಜಾಗವಿರಲಿಲ್ಲ.

ಆಯ್ಕೆಗೆ ಮೂರು ವಾರ ಹಿಡಿಯಿತು. ಇನ್ನೂರ ಹನ್ನೆರಡು ಗ್ರಾಹಕರ ಅಭಿಪ್ರಾಯ ಓದಿದೆ. ಫೋನಿಗೆ ಶಬ್ದ ಅಳೆಯುವ ಆ್ಯಪ್ ಹಾಕಿಕೊಂಡು ಏಳು ವರ್ಷದ ಮಗನೊಂದಿಗೆ ಅಂಗಡಿಗೆ ಹೋದೆ. ಐದು ಯಂತ್ರಗಳನ್ನು ಒಂದೊಂದಾಗಿ ಓಡಿಸಿ, ಪ್ರತಿಯೊಂದರ ಹಿಂದೆಯೂ ನೆಲದ ಮೇಲೆ ಬೋರಲು ತೆವಳುತ್ತ ಕಿವಿಕೊಟ್ಟು ಕೇಳಿದೆ.

“ಸಾರ್, ಸಾಮಾನ್ಯವಾಗಿ ಜನ ಹೀಗೆ ಮಲಗಲ್ಲ,” ಎಂದ ಮಾರಾಟಗಾರ.

“ಸಾಮಾನ್ಯ ಜನರ ಮನೆಯಲ್ಲಿ ಸೇನಾಪತಿ ಇರುವುದಿಲ್ಲ. ಶ್!”

ಅಭ್ಯಾಸಬಲ, ಬಾಯಿ ತಪ್ಪಿ ಬಂದಿತು. ಆದರೇನು! ಇಡೀ ಅಂಗಡಿ ಗಪ್‌ಚಿಪ್. ಫ್ರಿಜ್ಜಿಗೆ ಚೌಕಾಸಿ ಮಾಡುತ್ತಿದ್ದ ದಂಪತಿ ಕೂಡ ಪಿಸುಮಾತಿನಲ್ಲಿ ಜಗಳ ಮುಂದುವರಿಸಿದರು. ಆ ಪವಿತ್ರ ನಿಶ್ಶಬ್ದದಲ್ಲಿ ನಾಲ್ಕನೆಯ ಯಂತ್ರ ನೆರಳಿನಂತೆ ಸರಿದುಹೋಯಿತು. ಅದನ್ನೇ ಆರಿಸಿದೆ.

ಮನೆಯಲ್ಲಿ ಗುಂಡಿ ಒತ್ತಿದೆ. ಸೇನಾಪತಿ ಒಂದು ಕಣ್ಣು ತೆರೆದು, ನೋಡಿ, ಮುಚ್ಚಿಕೊಂಡಿತು. ನಾನು ಹೆಂಡತಿಯ ಕಡೆ ತಿರುಗಿ ಹುಬ್ಬು ಏರಿಸಿದೆ. ಹುಬ್ಬು ಇಳಿಯುವಷ್ಟರಲ್ಲಿ ಯಂತ್ರ ರೈಲು ನಿಲ್ದಾಣದ ಪ್ರಕಟಣೆಯ ಗಂಟಲಿನಲ್ಲಿ ಅರಚಿತು: “ಶುಚಿಗೊಳಿಸುವ ಕಾರ್ಯ ಪ್ರಾರಂಭವಾಗಿದೆ!”

ಸೇನಾಪತಿಯನ್ನು ಸಂದಿಯಿಂದ ಎಳೆಯಲು ಈ ಸಲ ನಾಲ್ವರು ಬೇಕಾದೆವು. ನಾನು ಅಳೆದದ್ದು ಮೋಟಾರನ್ನು. ಅದಕ್ಕೊಂದು ಬಾಯಿಯೂ ಇದೆಯೆಂದು ಇನ್ನೂರ ಹನ್ನೆರಡು ಜನರಲ್ಲಿ ಒಬ್ಬನೂ ಬರೆದಿರಲಿಲ್ಲ.

“ಪೂರ್ತಿ ಬಾಯಿ ಮುಚ್ಚಿಸಕ್ಕಾಗಲ್ಲ ಸಾರ್,” ಎಂದ ಮಾರಾಟಗಾರ ಫೋನಿನಲ್ಲಿ. “ಬೇಕಾದ್ರೆ ನಿಮ್ಮದೇ ದನಿ ತುಂಬಬಹುದು.”

ನಾಯಿಗೆ ಯಜಮಾನನ ದನಿಗಿಂತ ಹಿತವಾದದ್ದು ಬೇರೇನಿದೆ? ಕೈಪಿಡಿಯಲ್ಲಿದ್ದ ಹದಿನಾಲ್ಕು ವಾಕ್ಯಗಳನ್ನೂ ನನ್ನ ಗ್ರಂಥಾಲಯದ ಮೆಲುದನಿಯಲ್ಲಿ, ವ್ಯಾಕರಣಬದ್ಧವಾಗಿ ಧ್ವನಿಮುದ್ರಿಸಿದೆ. ‘ನಾನು ಸಿಲುಕಿಕೊಂಡಿದ್ದೇನೆ. ದಯವಿಟ್ಟು ನನ್ನನ್ನು ಬಿಡಿಸಿ.’ ‘ನನ್ನ ಶಕ್ತಿ ಕುಂದುತ್ತಿದೆ.’ ‘ನಾನು ನನ್ನ ಸ್ಥಾನಕ್ಕೆ ಮರಳುತ್ತಿದ್ದೇನೆ.’

“ಮನೆಗೆಲಸದ ಬಗ್ಗೆ ನಿಮ್ಮ ಬಾಯಿಂದ ಇಷ್ಟು ಮಾತು ಕೇಳಿದ್ದು ಇದೇ ಮೊದಲು,” ಎಂದಳು ಹೆಂಡತಿ.

ಫಲಿತಾಂಶ ಅದ್ಭುತ! ಸೇನಾಪತಿ ಬಾಲ ಆಡಿಸುತ್ತ ಯಂತ್ರದ ಹಿಂದೆಯೇ ತಿರುಗತೊಡಗಿತು. ಮಗ ಅದಕ್ಕೆ ‘ಚಪ್ಪಟೆ ಅಪ್ಪ’ ಎಂದು ನಾಮಕರಣ ಮಾಡಿದ. ಸೀನು ಮೂವತ್ನಾಲ್ಕರಿಂದ ಹತ್ತೊಂಬತ್ತಕ್ಕೆ, ಅಲ್ಲಿಂದ ಹನ್ನೆರಡಕ್ಕೆ ಇಳಿಯಿತು. ಮಗಳು ದಿಂಬು ಬಿಟ್ಟು ಬಹಿರಂಗವಾಗಿ ಸೀನಿದಳು. ಇನ್ನು ಬೇಕಾದದ್ದು ಎರಡೇ ಸೀನಿನ ಇಳಿಕೆ. ಗಡುವಿಗೆ ಹತ್ತು ದಿನವಿತ್ತು.

ಆ ಶನಿವಾರ ನನ್ನ ಅತ್ತೆ ಊರಿನಿಂದ ಬಂದರು. ಅವರು ಬರುವ ಮೊದಲೇ ನಾನು ಗ್ರಂಥಾಲಯಕ್ಕೆ ಹೊರಟಿದ್ದೆ. ಹೆಂಡತಿ ತಾಯಿಯನ್ನೂ ಮಗನನ್ನೂ ಮನೆಯಲ್ಲಿ ಬಿಟ್ಟು ಮಗಳನ್ನು ಚಿತ್ರಕಲೆಯ ತರಗತಿಗೆ ಕರೆದೊಯ್ದಳು. ಅತ್ತೆ ಕೋಣೆಯಲ್ಲಿ ಸೀರೆ ಮಡಿಸುತ್ತಿದ್ದಾಗ ಮಂಚದ ಕೆಳಗಿನಿಂದ ಅಳಿಯನ ಕ್ಷೀಣ ಸ್ವರ ಕೇಳಿತು:

“ನಾನು ಸಿಲುಕಿಕೊಂಡಿದ್ದೇನೆ. ದಯವಿಟ್ಟು ನನ್ನನ್ನು ಬಿಡಿಸಿ.”

“ಅಳಿಯಂದ್ರೇ! ಅಲ್ಲಿಗ್ಯಾಕೆ ಹೋದ್ರಿ?”

“ನನ್ನ ಚಕ್ರಗಳನ್ನು ಪರೀಕ್ಷಿಸಿ.”

ಅಳಿಯನ ಬುದ್ಧಿಗೆ ಏನೋ ಆಗಿದೆಯೆಂದು ಅತ್ತೆಗೆ ಖಾತ್ರಿಯಾಯಿತು. ಮೊಮ್ಮಗನನ್ನು ಕೂಗಿದರು. ಅವನು ಬಣ್ಣ ಹಚ್ಚುತ್ತಿದ್ದವನು ತಲೆಯೆತ್ತದೆ, “ಅದು ಚಪ್ಪಟೆ ಅಪ್ಪ ಅಜ್ಜಿ. ದಿನಾ ಸಿಕ್ಕಾಕೊಳ್ತಾರೆ,” ಎಂದ.

“ಅಯ್ಯೋ, ಚಪ್ಪಟೆಯಾಗಿಬಿಟ್ರಾ!”

“ನನ್ನ ಶಕ್ತಿ ಕುಂದುತ್ತಿದೆ,” ಎಂದಿತು ಮಂಚ.

ಅತ್ತೆಯ ಕೂಗಿಗೆ ಪಕ್ಕದ ಮನೆಯ ಬಡಗಿ ಗರಗಸ ಸಮೇತ ಓಡಿಬಂದ. ಮೂರಾಳು ಎತ್ತಬೇಕಾದ ಮಂಚವದು, ಬಗ್ಗಿ ನೋಡಿದರೆ ಕೆಳಗೆ ಬರೀ ಕತ್ತಲೆ. ಅವನು ನೇರವಾಗಿ ಹಲಗೆಗೇ ಗರಗಸ ಹಾಕಿದ. ಯಜಮಾನನ ಆರ್ತನಾದ ಕೇಳಿ ಸೇನಾಪತಿಗೆ ಜೀವಮಾನದಲ್ಲಿ ಮೊದಲ ಬಾರಿ ಶೌರ್ಯ ಬಂತು. ದಾರಿಗಡ್ಡ ಬಂದ ಹತ್ತಿಯ ಹಾಸಿಗೆಯನ್ನು ಅದು ಚಿಂದಿ ಮಾಡಿತು. ಬೆಕ್ಕು ಬೀರುವಿನ ಮೇಲೆ ಕುಳಿತು ಎಲ್ಲವನ್ನೂ ವೀಕ್ಷಿಸಿತು.

ಈ ನಡುವೆ ಅತ್ತೆ ಗ್ರಂಥಾಲಯಕ್ಕೆ ಫೋನ್ ಮಾಡಿ, “ನಿಮ್ಮ ಗ್ರಂಥಪಾಲಕರು ಮಂಚದ ಕೆಳಗಿದ್ದಾರೆ, ಇವತ್ತು ಬರಲ್ಲ,” ಎಂದಿದ್ದರು. ಸಹೋದ್ಯೋಗಿ ನನ್ನನ್ನೊಮ್ಮೆ ಆಪಾದಮಸ್ತಕ ನೋಡಿ ಫೋನ್ ಕೊಟ್ಟರು.

“ಅತ್ತೆ, ನಾನು ಇಲ್ಲಿದ್ದೀನಿ,” ಎಂದೆ ಮೆಲ್ಲಗೆ.

“ಯಾರಪ್ಪ ನೀನು? ನಮ್ಮ ಅಳಿಯ ಇಲ್ಲಿ ಸಾಯ್ತಾ ಇದ್ದಾರೆ, ನಿನಗೆ ತಮಾಷೆನಾ?”

“ಅತ್ತೆ, ಕೇಳಿ...”

“ಜೋರಾಗಿ ಮಾತಾಡು, ಗರಗಸದ ಸದ್ದು!”

“ನಾನು ಮಂಚದ ಕೆಳಗೆ ಇಲ್ಲ!!”

ಇಪ್ಪತ್ತೆರಡು ವರ್ಷಗಳಲ್ಲಿ ಆ ವಾಚನಾಲಯ ಕಂಡ ಅತಿ ದೊಡ್ಡ ಸದ್ದು ಅದು. ಮೂಲೆಯ ಮೇಜಿನಿಂದ ಪ್ರಥಮ ವರ್ಷದ ಹುಡುಗಿಯೊಬ್ಬಳು ತುಟಿಯ ಮೇಲೆ ಬೆರಳಿಟ್ಟು ನನಗೆ ಹೇಳಿದಳು: “ಶ್!”

ನಾನು ಮನೆ ಮುಟ್ಟುವಷ್ಟರಲ್ಲಿ ಸೇನಾಪತಿ ನನ್ನನ್ನು ಪಾರುಮಾಡಿತ್ತು. ಹಲಗೆ ತುಂಡಾದೊಡನೆ ಒಳನುಗ್ಗಿ, ಯಂತ್ರವನ್ನು ಹಲ್ಲಿನಲ್ಲಿ ಕಚ್ಚಿ, ಮೆಟ್ಟಿಲ ಮೇಲಿಂದ ದಡಬಡ ಎಳೆದು, ಬಯಲಿನಲ್ಲಿ ಮಲಗಿಸಿ ನೆಕ್ಕುತ್ತಿತ್ತು. “ನಾನು ನನ್ನ ಸ್ಥಾನಕ್ಕೆ ಮರಳುತ್ತಿದ್ದೇನೆ,” ಎಂದು ಯಂತ್ರ ಕೊನೆಯುಸಿರೆಳೆಯಿತು. ಅತ್ತೆ ಕಣ್ಣೊರೆಸಿಕೊಂಡು ನನ್ನನ್ನು ನೋಡಿ ಮತ್ತೊಮ್ಮೆ ಕಿರುಚಿದರು. ನಾನು ಶಬ್ದ ಅಳೆಯುವ ಆ್ಯಪ್ ತೆರೆದು ಯಂತ್ರದ ಬಳಿ ಹಿಡಿದೆ. ಅದಕ್ಕಿಂತ ಸದ್ದಿಲ್ಲದ ರೋಬಾಟ್ ಆ ಅಂಗಡಿಯಲ್ಲಿ ಖಂಡಿತ ಇರಲಿಲ್ಲ.

ಮರುದಿನ ಬೆಳಿಗ್ಗೆ ಸೀನು ಮೂವತ್ತೆಂಟು. ಹಾಸಿಗೆಯ ಹತ್ತಿ, ನಾಯಿಯ ಕೂದಲು, ಮರದ ಹೊಟ್ಟು ಮನೆಯನ್ನು ಸಮಾನವಾಗಿ ಹಂಚಿಕೊಂಡಿದ್ದವು. ಮಗಳು ಸೇನಾಪತಿಯ ಕೊರಳು ತಬ್ಬಿ ಕುಳಿತು, “ಮಾವನ ಮನೇಲಿ ಇವನನ್ನ ಒಳಗೆ ಮಲಗಿಸ್ಕೊಳ್ತಾರಾ ಅಪ್ಪ?” ಎಂದಳು. ನಾನು ದಿನಚರಿ ಮುಚ್ಚಿಟ್ಟು, ಪೊರಕೆಗೆ ಒದ್ದೆ ಬಟ್ಟೆ ಸುತ್ತಿದೆ.

ಮೊದಲ ಕೋಣೆಯಲ್ಲೇ ಹೊಸ ತೊಡಕು. ಪೊರಕೆ ಸರಿದರೆ ಸೇನಾಪತಿ ಸಂದಿಯ ಕಡೆ ಹೊರಡುತ್ತಿತ್ತು. ಚಪ್ಪಟೆ ಅಪ್ಪನ ಅಭಯವಾಕ್ಯವಿಲ್ಲದೆ ಅದು ನಿಲ್ಲುತ್ತಿರಲಿಲ್ಲ. ಹೀಗಾಗಿ ಸೊಂಟ ಬಗ್ಗಿಸಿಕೊಂಡು, “ಶುಚಿಗೊಳಿಸುವ ಕಾರ್ಯ ಪ್ರಾರಂಭವಾಗಿದೆ,” ಎಂದು ನಾನೇ ಮೆಲುದನಿಯಲ್ಲಿ ಪ್ರಕಟಿಸಬೇಕಾಯಿತು. ಒಂಬತ್ತು ದಿನ, ಬೆಳಿಗ್ಗೆ ಏಳರಿಂದ. ನಡುವೆ ಮಗ ಬಂದು ನನ್ನ ಬೆನ್ನಿನ ಮೇಲೊಂದು ಗುಂಡಿ ಒತ್ತಿಹೋಗುತ್ತಿದ್ದ.

ಗಡುವಿನ ದಿನ ಎಲ್ಲರೂ ಹೋದೆವು. ವೈದ್ಯೆ ನನ್ನ ಸೀನಿನ ಪಟ್ಟಿಯ ಕೊನೆಯ ಸಾಲು ನೋಡಿದರು: ಎಂಟು.

“ಪರವಾಗಿಲ್ಲವೇ! ನಾಯಿ ಇರಲಿ ಬಿಡಿ,” ಎಂದರು. ಮಗಳು ಕುರ್ಚಿಯಿಂದ ಹಾರಿದಳು. ನಾನು ಯಾವುದೋ ನೆಪದಲ್ಲಿ ಕನ್ನಡಕ ಒರೆಸಿಕೊಂಡೆ. ವೈದ್ಯೆ ಪೆನ್ನು ಕೈಗೆತ್ತಿಕೊಂಡರು. “ನಮ್ಮನೇಲೂ ಎರಡು ಬೆಕ್ಕಿವೆ. ಸದ್ದು ಮಾಡದೇ ಇರೋ ಮೆಷಿನ್ ಹುಡುಕ್ತಾ ಇದ್ದೆ. ನೀವು ಯಾವುದು ತಗೊಂಡ್ರಿ?”

ನಾನು ಟಿಪ್ಪಣಿ ಪುಸ್ತಕ ತೆರೆಯುವಷ್ಟರಲ್ಲಿ ಇಬ್ಬರು ಮಕ್ಕಳೂ ನನ್ನ ಕಡೆ ಬೆರಳು ತೋರಿಸಿದರು.

“ಹಳೇ ಮಾಡೆಲ್ ಡಾಕ್ಟ್ರೇ, ಐವತ್ತು ವರ್ಷದ ಹತ್ತಿರದ್ದು,” ಎಂದಳು ಹೆಂಡತಿ. “ಆಗಾಗ ಗೊಣಗುತ್ತೆ. ಒಂದು ಲೋಟ ಟೀ ಹಾಕಿದ್ರೆ ಸುಮ್ಮನಾಗುತ್ತೆ.”

“ಮಂಚದ ಕೆಳಗೂ ಹೋಗುತ್ತಾ?”

“ಹೋಗುತ್ತೆ. ಸೊಂಟ ಹಿಡಿದ್ರೆ ಎಳೆದು ತೆಗೀಬೇಕು. ವಾರಕ್ಕೆರಡು ದಿನ ನಿಮ್ಮನೆಗೂ ಕಳಿಸಲಾ?”

ವೈದ್ಯೆ ನಿಜಕ್ಕೂ ಯೋಚಿಸತೊಡಗಿದರು. ನಾನು ಸಿಲುಕಿಕೊಂಡಿದ್ದೆ. ಬಿಡಿಸುವವರು ಯಾರೂ ಇರಲಿಲ್ಲ.