ಏಳನೇ ಮನೆಯ ಮೀಟರು

ಅಂದಾಜಪ್ಪ ಆ ದಿನ ನಿಜವಾಗಿಯೂ ಕೆಲಸ ಮಾಡಿದ. ಫಜೀತಿ ಶುರುವಾದದ್ದೇ ಅಲ್ಲಿಂದ.

ನೀರಿನ ಮೀಟರ್ ಓದುವುದು ಅವನ ಕೆಲಸ. ಹನ್ನೊಂದು ವರ್ಷದಿಂದ ಮನೆಯಲ್ಲೇ ಕೂತು, ತೋಚಿದ ಅಂಕಿ ಬರೆದು ಆಫೀಸಿಗೆ ಕೊಡುತ್ತಿದ್ದ. ಬೀದಿಯವರು ಆ ಹೆಸರಿಟ್ಟದ್ದು ಸುಮ್ಮನಲ್ಲ. ನಿನ್ನೆ ಸಾಹೇಬರು ಕರೆದು, "ಇನ್ನೊಂದು ಸುಳ್ಳು ಅಂಕಿ ಬರೆದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ," ಎಂದಿದ್ದರು.

ಹಾಗಾಗಿ ತನ್ನದೇ ಬೀದಿಯ ಮೊದಲ ಮನೆಯೆದುರು ಮಂಡಿಯೂರಿದ. ಮೀಟರು ಫಳಫಳ ಹೊಳೆಯುತ್ತಿತ್ತು. ಮೊದಲು ಹೇಗಿತ್ತೋ ಅವನಿಗೇನು ಗೊತ್ತು, ನೋಡಿದ್ದರಲ್ಲವೇ? 142857. ಎರಡನೇ ಮನೆಯಲ್ಲಿ 285714. ಮೂರನೆಯದರಲ್ಲಿ 428571. ನಾಲ್ಕನೆಯದರಲ್ಲಿ 571428. ಅವೇ ಆರು ಅಂಕಿಗಳು, ಜಾಗ ಮಾತ್ರ ಬೇರೆ. ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿ ಹಾಳೆಯಲ್ಲಿ ಬರೆದುಕೊಂಡ.

"ನಲ್ಲೀಲಿ ಬೆಳಗ್ಗೆಯಿಂದ ಹನಿ ನೀರಿಲ್ಲ ಕಣಯ್ಯ," ಎನ್ನುತ್ತ ಬಂದ ಆ ಮನೆಯ ಗಣಿತದ ಮೇಷ್ಟ್ರು ಹಾಳೆಗೆ ಇಣುಕಿ ದಂಗಾದರು. "ಮೊದಲನೇ ಮನೇದನ್ನ ಎರಡರಿಂದ ಗುಣಿಸು, ಎರಡನೇ ಮನೇದು ಬರುತ್ತೆ. ನಾಲ್ಕರಿಂದ ಗುಣಿಸಿದ್ರೆ ನಮ್ಮನೇದು! ಆರರ ತನಕ ಅವೇ ಅಂಕಿ ಸುತ್ತು ಹಾಕ್ತಿರುತ್ತೆ."

"ಏಳರಿಂದ ಗುಣಿಸಿದ್ರೆ?"

"ಆರಕ್ಕಾರೂ ಒಂಬತ್ತು. ಅಲ್ಲಿಗೆ ಸುತ್ತು ಮುಗೀತು." ಮೇಷ್ಟ್ರು ದನಿ ತಗ್ಗಿಸಿದರು. "ಏಳನೇ ಮನೆ ಯಾರದಪ್ಪಾ?"

"ನಂದೇ."

"ಅಯ್ಯೋ ಪಾಪ, ಒಳ್ಳೆಯವನಿದ್ದ," ಎಂದ ಎದುರುಮನೆಯ ದರ್ಜಿ, ಕಿಟಕಿಯಿಂದಲೇ.

ಐದರಲ್ಲಿ 714285, ಆರರಲ್ಲಿ 857142. ಅಂದಾಜಪ್ಪ ತನ್ನ ಮನೆಯ ಕಡೆ ಕಣ್ಣೆತ್ತಿಯೂ ನೋಡದೆ ಆಫೀಸಿಗೆ ಓಟ ಕಿತ್ತ. ದಾರಿಯಲ್ಲಿ ಇನ್ನೊಂದು ಭಯ ಹತ್ತಿತು. ಇದನ್ನು ಸಾಹೇಬರು ನಂಬುತ್ತಾರೆಯೇ? ಇಷ್ಟು ಚಂದದ ಸುಳ್ಳನ್ನು ಅವನೂ ಎಂದೂ ಬರೆದಿರಲಿಲ್ಲ. ಆಫೀಸಿನ ಮೆಟ್ಟಿಲ ಮೇಲೆ ಕೂತು ಆ ಹಾಳೆ ಹರಿದು, ಇನ್ನೊಂದರಲ್ಲಿ ಏಳು ಮನೆಗೂ ನಿಜದಂತೆ ಕಾಣುವ ಅಂಕಿ ಬರೆದ.

ಸಾಹೇಬರು ನೋಡಿ ನಿಟ್ಟುಸಿರಿಟ್ಟರು. "ಬೆಳಗ್ಗೆ ನೀರು ನಿಲ್ಲಿಸಿ, ಆರು ಮನೆಗೂ ಹೊಸ ಮೀಟರ್ ಹಾಕಿಸಿದ್ದೆ. ಅಂಕಿ ಆರಿಸಿ ಕೂರಿಸಿದ್ದೂ ನಾನೇ. ಹೋಗಿ ನೋಡಿದವನು ಮರೆಯೋ ಹಾಗಿಲ್ಲ, ನೋಡದವನಿಗೆ ಹೊಳೆಯೋ ಹಾಗಿಲ್ಲ."

"ನೋಡಿದೆ ಸಾರ್! ಒಂದು, ನಾಲ್ಕು, ಎರಡು, ಎಂಟು, ಐದು, ಏಳು!"

"ಅಂದ್ರೆ ನಿಜ ಗೊತ್ತಿದ್ದೂ ಸುಳ್ಳು ಬರೆದೆಯಾ? ನಾಳೆಯಿಂದ ಬರಬೇಡ."

ಬಾಗಿಲಲ್ಲಿ ನಿಂತು ಕೇಳಿದ. "ಏಳನೇ ಮನೆಗೂ ಹಾಕಿಸಿದ್ರಾ ಸಾರ್?"

"ಅದು ನಿನ್ನ ಮನೆ ಅಲ್ವೇನಯ್ಯಾ? ಅಲ್ಲಿಗೆ ಯಾರೂ ಹೋಗಿಲ್ಲ."

ಕೆಲಸ ಹೋದರೂ ಜೀವಕ್ಕೆ ಸ್ವಲ್ಪ ಸಮಾಧಾನವಾಯಿತು. ಮನೆಗೆ ಬಂದು ಮೀಟರಿನ ಮೇಲಿದ್ದ ಹನ್ನೊಂದು ವರ್ಷದ ಧೂಳು ಒರೆಸಿದ.

999999.

"ರೀ, ನೀರು ಬಂತು!" ಒಳಗಿನಿಂದ ಹೆಂಡತಿ ಕೂಗಿದಳು.

"ನಲ್ಲಿ ತಿರುಗಿಸಬೇಡ ಕಣೇ!" ಎನ್ನುವಷ್ಟರಲ್ಲಿ ಆರೂ ಅಂಕಿಗಳು ಒಟ್ಟಿಗೆ ಹೊರಳಿ ಸೊನ್ನೆಯಾದವು.

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅವನನ್ನು ಎಂದೂ ಕಂಡಿಲ್ಲದವಳಂತೆ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಓ, ಮೀಟರ್ ಓದೋರಾ? ಸದ್ಯ, ಹನ್ನೊಂದು ವರ್ಷದಿಂದ ಈ ಮನೆಗೆ ಒಬ್ರೂ ಬಂದಿರ್ಲಿಲ್ಲ!"