ಸುಣ್ಣನಿಗೆ ಟಚಪ್

ಹೆಂಡತಿ ಊರಿಗೆ ಹೋದರೆ ಗಂಡನಿಗೆ ಸ್ವಾತಂತ್ರ್ಯ ಸಿಗುತ್ತದೆ ಎಂದು ಯಾರು ಹೇಳಿದರೋ, ಅವರ ಮನೆಯಲ್ಲಿ ಎರಡು ಬೆಕ್ಕು, ಒಂದು ನಾಯಿ ಇರಲಿಲ್ಲವೆಂದೇ ಅರ್ಥ. ಫೋಟೋ ಮಾಮನ ಮನೆಯಲ್ಲಿ ಇದ್ದವು. (ಮಾಮ ಯಾರಿಗೂ ಸೋದರಮಾವನಲ್ಲ. ಬೀದಿಯ ತುದಿಯಲ್ಲಿ ಸ್ಟುಡಿಯೋ ಇಟ್ಟು, ಮೂವತ್ತು ವರ್ಷದಿಂದ ಎಲ್ಲರ ಗಲ್ಲ ಹಿಡಿದು "ಸ್ವಲ್ಪ ಮೇಲೆ, ಸ್ವಲ್ಪ ಎಡಕ್ಕೆ" ಅನ್ನುತ್ತ ಬಂದದ್ದಕ್ಕೆ ಜನ ಕೊಟ್ಟ ಬಿರುದು ಅದು.) ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಎರಡು ದಿನದ ತರಬೇತಿಗೆ ಹೊರಟಾಗ, ರೋಗಿಗಳನ್ನು ಮುಂದಿನ ಪಾಳಿಯವರಿಗೆ ಒಪ್ಪಿಸುವ ಹಾಗೆ ಒಂದೊಂದನ್ನೇ ತೋರಿಸಿ ಒಪ್ಪಿಸಿದಳು.

"ಇದು ಮಸಿ, ಇದು ಸುಣ್ಣ, ಇದು ದಿವಾನ. ಮೂರೂ ಈಗ ಚೆನ್ನಾಗಿವೆ. ನಾನು ಬರೋವಾಗಲೂ ಚೆನ್ನಾಗಿರಬೇಕು."

"ನನಗೆ ಗೊತ್ತಿಲ್ವೇನೇ? ನಾನೂ ಈ ಮನೇಲೇ ಇರೋದು."

"ನನಗೆ ಅದೇ ಭಯ. ಅಡುಗೆಮನೆ ಕಿಟಕಿ ಹಾಕೋದು ಮರೀಬೇಡಿ."

ಮಾಮ ಮರೆತ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಕರಿಬೆಕ್ಕು ಮಸಿ ಫ್ರಿಜ್ಜಿನ ಮೇಲೆ ದರ್ಬಾರು ಮಾಡುತ್ತಿತ್ತು. ದಿವಾನನೆಂಬ ನಾಯಿ ಮೇಜಿನ ಕೆಳಗೆ ನಾಲ್ಕೂ ಕಾಲು ಚೆಲ್ಲಿ ಬಿದ್ದಿತ್ತು. ಬಿಳಿಬೆಕ್ಕು ಸುಣ್ಣ ಮಾತ್ರ ಮಂಚದ ಕೆಳಗಿಲ್ಲ, ಬೀರುವಿನ ಮೇಲಿಲ್ಲ, ಒಗೆಯುವ ಬಟ್ಟೆಯ ಬುಟ್ಟಿಯಲ್ಲೂ ಇಲ್ಲ. ಅಡುಗೆಮನೆಯ ಕಿಟಕಿ ಹಾರುಹೊಡೆದು ನಿಂತಿತ್ತು. 

ಸುಣ್ಣ ಅಂದರೆ ಹೆಂಡತಿಗೆ ಪ್ರಾಣ. ಅಂಗೈಯಷ್ಟೂ ಇರದ ಮರಿಯನ್ನು ಮೋರಿಯಿಂದ ಎತ್ತಿ ತಂದು, ಹದಿನೈದು ದಿನ ನಿದ್ದೆಗೆಟ್ಟು, ಡ್ರಾಪರಿನಲ್ಲಿ ಹಾಲು ಹಾಕಿ ಉಳಿಸಿದ್ದಳು. ಇವತ್ತು ಸಂಜೆ ಆರಕ್ಕೆ ಅವಳ ಬಸ್ಸು ಬರುತ್ತದೆ. ಸುಣ್ಣ ಇಲ್ಲದ ಮನೆಯ ಬಾಗಿಲು ತೆಗೆದು ಅವಳ ಮುಖ ನೋಡುವುದು ಹೇಗೆ? ಅದಿರಲಿ, ಅವನಿಗೂ ಸುಣ್ಣ ಬೇಕಿತ್ತು. ದಿನಾ ಬೆಳಿಗ್ಗೆ ಎದೆಯ ಮೇಲೆ ಕೂತು ಮೂಗು ನೆಕ್ಕಿ ಎಬ್ಬಿಸುತ್ತಿದ್ದದ್ದು ಸುಣ್ಣನೇ. "ಥೂ, ಹೋಗತ್ಲಾಗೆ" ಎಂದು ಬೈಯುತ್ತ ಇನ್ನೂ ಐದು ನಿಮಿಷ ಹಾಗೇ ಮಲಗಿರುತ್ತಿದ್ದ ಎಂಬುದು ಯಾರಿಗೂ ಗೊತ್ತಿಲ್ಲದ ಸಂಗತಿ.

ಮೊದಲು ಪತ್ತೇದಾರಿಕೆಗೆ ದಿವಾನನನ್ನು ನೇಮಿಸಿದ. ಸುಣ್ಣ ಮಲಗುವ ದುಪ್ಪಟಿ ಮೂಸಿಸಿ, "ಹುಡುಕಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ" ಎಂದ. ದಿವಾನ ಗಂಭೀರವಾಗಿ ಮೂಸಿತು, ಬಾಲವೆತ್ತಿತು, ಮೂರು ಬೀದಿ ಮಾಮನನ್ನು ದರದರ ಎಳೆದೊಯ್ದು ಮಾಂಸದಂಗಡಿಯ ಮುಂದೆ ಕೂತಿತು. ಎಷ್ಟು ಎಳೆದರೂ ಅಲ್ಲಿಂದ ಕದಲಲಿಲ್ಲ.

ಆಗಲೇ ಮಾಮನಿಗೆ ಹೊಳೆದದ್ದು. ತಾನು ಯಾರು? ಛಾಯಾಗ್ರಾಹಕ! ದಿವಾನನನ್ನು ಎತ್ತಿಕೊಂಡೇ ಸ್ಟುಡಿಯೋಗೆ ಓಡಿ ಕಂಪ್ಯೂಟರಿನಿಂದ ಸುಣ್ಣನ ಒಂದು ಫೋಟೋ ಹೆಕ್ಕಿದ. ಕೆಳಗೆ "ಕಾಣೆಯಾಗಿದೆ" ಎಂದು ಬರೆದು, ಸ್ಟುಡಿಯೋದ ವಿಳಾಸ ಹಾಕಿ, ಐವತ್ತು ಪ್ರತಿ ತೆಗೆದು, ಕಂಬ ಕಂಬಕ್ಕೂ, ಅಂಗಡಿ ಅಂಗಡಿಗೂ ಅಂಟಿಸಿ ಬಂದ. ನಡುವೆ ನಡೆದ ಒಂದು ಸಣ್ಣ ಕೆಲಸ ಅವನ ಗಮನಕ್ಕೇ ಬರಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ಮುಖವನ್ನಾದರೂ ಇದ್ದ ಹಾಗೇ ಹೊರಗೆ ಕಳಿಸಿದ ಕೈಯಲ್ಲ ಅದು. ಸುಣ್ಣನ ಎಡಗಿವಿ ಅರ್ಧ ಹರಿದಿತ್ತು, ಆ ಕೈ ಸರಿಮಾಡಿತು. ಮೂಗಿನ ಕೆಳಗೆ ಅರೆಮೀಸೆಯಂಥ ಕರಿಮಚ್ಚೆಯಿತ್ತು, ಒರೆಸಿತು. ಒಂದು ಕಣ್ಣು ಕೊಂಚ ಮಾಲುತ್ತಿತ್ತು, ನೆಟ್ಟಗೆ ಮಾಡಿತು. ಹಿಂದೆ ತಿಳಿನೀಲಿ ಬಣ್ಣವನ್ನೂ ಬಳಿಯಿತು.

ಮಧ್ಯಾಹ್ನಕ್ಕೆ ಜನ ಬರತೊಡಗಿದರು. ಮೊದಲು ಬಂದವನು ನಲ್ಲಿ ರಿಪೇರಿಯವನು, ಚೀಲದೊಳಗೆ ಏನೋ ಕುಣಿಯುತ್ತಿತ್ತು.

"ಮಾಮಾ, ಇಗೋ ನಿಮ್ಮ ಬೆಕ್ಕು! ಫೋಟೋದಲ್ಲಿರೋ ಹಾಗೇ ಇದೆ."

ಇತ್ತು. ಫೋಟೋದಲ್ಲಿರುವ ಹಾಗೇ ಇತ್ತು. ಸುಣ್ಣನ ಹಾಗಿರಲಿಲ್ಲ. ಎತ್ತಿಕೊಳ್ಳಲು ಹೋದ ಮಾಮನ ಕೆನ್ನೆಗೆ ಮೂರು ಗೆರೆ ಎಳೆದು ಕಪಾಟು ಹತ್ತಿತು. ಆಮೇಲೆ ನಿವೃತ್ತ ಹೆಡ್ ಮಾಸ್ತರರು ಒಂದು ಬೆಕ್ಕು ತಂದರು, ಎದುರುಮನೆ ಅಜ್ಜಿ ಇನ್ನೊಂದು ತಂದಳು.

"ಅಜ್ಜಿ, ಇದು ನಿಮ್ಮ ಬೆಕ್ಕೇ ಅಲ್ವಾ?"

"ಆಗಿದ್ರೇನಪ್ಪಾ? ನಿಂಗೆ ಬೇಕು, ನಂಗೆ ಸಾಕಾಗಿದೆ. ಇಟ್ಕೋ."

ಬಂದ ಬೆಕ್ಕುಗಳನ್ನೆಲ್ಲ ದಿವಾನ ನ್ಯಾಯಾಧೀಶನಂತೆ ಒಂದೊಂದಾಗಿ ಮೂಸಿ ಮುಖ ತಿರುಗಿಸಿತು. ಆರೂವರೆಯ ಹೊತ್ತಿಗೆ ಸ್ಟುಡಿಯೋದಲ್ಲಿ ಏಳು ಬಿಳಿಬೆಕ್ಕುಗಳು ಸೇರಿ, ಮದುವೆ ಜೋಡಿಗಳು ಕೂರುವ ಸೋಫಾದ ಮೇಲೆ ಪರಸ್ಪರ ಬೈದಾಡುತ್ತಿದ್ದವು. ಮಾಮ ನೆಲದಲ್ಲಿ ಕೂತು ತಲೆಯ ಮೇಲೆ ಕೈ ಹೊತ್ತ. ಒಂದು ಕೆಟ್ಟ ಯೋಚನೆಯೂ ಬಂತು. ಇವುಗಳಲ್ಲೇ ಒಂದಕ್ಕೆ ಮಸಿಪೆನ್ನಿನಿಂದ ಮೀಸೆ ಬರೆದರೆ? ಆದರೆ ಹರಿದ ಕಿವಿಗೆ ಏನು ಮಾಡುವುದು? ಅಯ್ಯೋ, ಇದೆಂಥ ಪಾಪದ ಯೋಚನೆ ಎಂದು ಅವನ ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ದಿವಾನ ತಟಕ್ಕನೆ ಎದ್ದು ಬಾಗಿಲಿಗೆ ಓಡಿತು. ಹೆಂಡತಿ ನಿಂತಿದ್ದಳು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಸುಣ್ಣ! ಹರಿದ ಕಿವಿ, ಅರೆಮೀಸೆ, ಮಾಲುಗಣ್ಣು, ಮೈತುಂಬ ಮೈದಾಹಿಟ್ಟು. ಮಾಮನಿಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ ಸುಣ್ಣನನ್ನು ಎದೆಗವಚಿಕೊಂಡು, ಏಳು ಬೆಕ್ಕುಗಳೆದುರಿಗೇ ಬಿಕ್ಕಿದ.

"ಎಲ್ಲಿತ್ತೇ? ಎಲ್ಲಿ ಸಿಕ್ತು?"

"ಬೇಕರೀಲಿ. ಬೆಳಿಗ್ಗೆಯಿಂದ ಅಲ್ಲೇ ಒಲೆ ಪಕ್ಕ ಬಿದ್ದುಕೊಂಡಿತ್ತಂತೆ. ಬ್ರೆಡ್ ತಗೊಳ್ಳೋಣ ಅಂತ ಒಳಗೆ ಹೋದೆ, ಕಾಲಿಗೆ ಬಂದು ಸುತ್ತಿಕೊಳ್ತು."

"ಬೇಕರೀಲಾ? ಅವರ ಬಾಗಿಲಿಗೇ ಫೋಟೋ ಅಂಟಿಸಿದ್ನಲ್ಲ! ಬೇಕರಿ ಅಕ್ಕ ನೋಡ್ಲಿಲ್ವಾ?"

"ನೋಡಿದ್ರಂತೆ. ಬೆಕ್ಕನ್ನ ಎತ್ತಿ ಫೋಟೋ ಪಕ್ಕದಲ್ಲಿ ಹಿಡಿದೂ ನೋಡಿದ್ರಂತೆ. 'ಪಾಪ, ಮಾಮನ ಬೆಕ್ಕು ಎಷ್ಟು ಲಕ್ಷಣವಾಗಿದೆ, ಇದ್ಯಾವುದೋ ಬೀದಿಬೆಕ್ಕು' ಅಂತ ಸುಮ್ಮನಾದ್ರಂತೆ. ಯಾವ ಬೆಕ್ಕಿನ ಫೋಟೋ ರೀ ಅದು?"

ಮಾಮ ಗೋಡೆಯ ಮೇಲಿನ ಪ್ರತಿ ನೋಡಿದ. ಆಮೇಲೆ ಸುಣ್ಣನ ಮುಖ ನೋಡಿದ. ಮುಖ ಹುಳ್ಳಗಾಯಿತು.

"ಅದು... ಸ್ವಲ್ಪ ಟಚಪ್..."

ಹೆಂಡತಿ ಬೈಯಲಿಲ್ಲ. ಸೋಫಾದ ಮೇಲಿದ್ದ ಏಳನ್ನೂ ಎಣಿಸಿ ನಗತೊಡಗಿದಳು. ನಗುತ್ತ ನಗುತ್ತ ಅವಳ ಕಣ್ಣು ಗೋಡೆಯಲ್ಲಿ ತೂಗುಹಾಕಿದ್ದ ಇನ್ನೊಂದು ಫೋಟೋದ ಮೇಲೆ ಬಿತ್ತು. ಅದು ಮಾಮನದೇ. ತಲೆತುಂಬ ಕೂದಲು, ಸುಕ್ಕಿಲ್ಲದ ಕೆನ್ನೆ, ಮಡಿಕೆಯಿಲ್ಲದ ಗಲ್ಲ.

"ನೀವೇನಾದ್ರೂ ಕಳೆದುಹೋದ್ರೆ ನಾನು ಇದನ್ನೇ ಅಂಟಿಸಬೇಕಾ? ಜನ ಯಾರನ್ನ ತಂದು ಬಿಡ್ತಾರೋ ಏನೋ. ಬಂದವರು ಫೋಟೋದಲ್ಲಿರೋ ಹಾಗೇ ಇದ್ರೆ, ನೋಡಿ, ನಾನು ವಾಪಸ್ ಕಳಿಸಲ್ಲ."

"ಲೇ, ಏನೇ ಇದು..."

"ಮಾತಾಡಬೇಡಿ. ಅಲ್ಲೇ ನಿಂತ್ಕೊಳ್ಳಿ," ಎಂದು ಕ್ಯಾಮೆರಾ ಎತ್ತಿಕೊಂಡಳು. ಮಾಮನ ಬೋಳುತಲೆ, ಅಂಗಿಯ ತುಂಬ ಮೈದಾಹಿಟ್ಟು, ಕೆನ್ನೆಯ ಮೇಲೆ ಮೂರು ಗೆರೆ, ಕಣ್ಣು ಕೆಂಪು. ಅವನ ಕೈ ಇಲ್ಲದ ಕೂದಲನ್ನು ಸರಿಮಾಡಲು ಮೇಲೇರಿತು.

"ಕೈ ಕೆಳಗೆ," ಎಂದಳು. "ನನಗೆ ಇವರೇ ವಾಪಸ್ ಬೇಕು."